ಬಿಚ್ಚಿ ನೋಡುವ ಬೇಸಿಗೆ



ಏಪ್ರಿಲ್ ಕೊನೆಯ ವಾರ ಹೈದರಾಬಾದಿನ ಶಾಲೆಗಳು ಮುಚ್ಚುತ್ತವೆ. ಮತ್ತೆ ಬಾಗಿಲು ತೆರೆಯುವುದು ಜೂನ್ 12ಕ್ಕೆ. ನಡುವಿನ ಒಂದೂವರೆ ತಿಂಗಳು ಮಕ್ಕಳನ್ನು ಏನು ಮಾಡುವುದು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಇಲ್ಲಿನ ಕನ್ನಡದ ಮನೆಗಳಲ್ಲಿ ಪರೀಕ್ಷೆ ಮುಗಿದ ಮರುದಿನವೇ ಬಟ್ಟೆ ಗಂಟು ಕಟ್ಟಿ, ಮಕ್ಕಳನ್ನು ಕಲಬುರಗಿಗೋ ರಾಯಚೂರಿಗೋ ಬೀದರಕ್ಕೋ ಅಜ್ಜಿಯ ಮನೆಗೆ ರೈಲು ಹತ್ತಿಸಿಬಿಡುತ್ತಿದ್ದರು. ಈಗ ಅಜ್ಜಿಯೇ ಮಗಳ ಮನೆಗೆ ಬಂದು ಮಿಯಾಪುರದ ಏಳನೇ ಮಹಡಿಯಲ್ಲಿ ಕೂತಿದ್ದಾಳೆ. ಮಗಳು ಅಳಿಯ ಇಬ್ಬರೂ ಗಚ್ಚಿಬೌಲಿಯ ಆಫೀಸಿನಲ್ಲಿ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಒಳಗೆ ಮೊಬೈಲು ಹಿಡಿದ ಮೊಮ್ಮಗ.

ಅಂಥ ಹೊತ್ತಿಗೆ ಲಿಫ್ಟಿನೊಳಗೆ ಒಂದು ಕಾಗದ ಅಂಟಿಸಿರುವುದು ಕಾಣುತ್ತದೆ. ಸಮ್ಮರ್ ಕ್ಯಾಂಪ್. ಹದಿನೈದು ವರ್ಷಗಳ ಹಿಂದೆ ಈ ಕಾಗದಗಳಲ್ಲಿ ಈಜು, ಕ್ರಿಕೆಟ್, ಕೈಬರಹ, ಅಬ್ಯಾಕಸ್ ಇರುತ್ತಿದ್ದವು. ಈಗ ರೊಬೊಟಿಕ್ಸ್, ಕೋಡಿಂಗ್, ಡ್ರೋನ್, ತ್ರೀಡಿ ಪ್ರಿಂಟಿಂಗ್; ಇತ್ತೀಚೆಗೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಎಐ. ಶುಲ್ಕ ಕೆಲವು ಸಾವಿರದಿಂದ ಶುರುವಾಗಿ ಕೆಲವರ ಮನೆಬಾಡಿಗೆಯನ್ನು ಮೀರುವವರೆಗೆ ಹೋಗುತ್ತದೆ. ಕೊನೆಯ ದಿನ ಸರ್ಟಿಫಿಕೇಟು, ಗುಂಪು ಫೋಟೊ.

ಇದನ್ನು ಗೇಲಿ ಮಾಡುವುದು ಸುಲಭ. ನಾನು ಮಾಡುವುದಿಲ್ಲ. ಕೆಲಸಕ್ಕೆ ಹೋಗುವ ತಂದೆತಾಯಿಗೆ ಮಗು ನಾಲ್ಕು ಗಂಟೆ ಸುರಕ್ಷಿತವಾಗಿ ಇರುವ ಜಾಗ ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ವಿಜ್ಞಾನದ ಹೆಸರಿನಲ್ಲಿ ದುಡ್ಡು ಕೊಟ್ಟ ಮೇಲೆ ಒಂದು ಮಾತು ಕೇಳಲೇಬೇಕು: ಅಲ್ಲಿ ನನ್ನ ಮಗುವಿನ ಕೈ ಏನು ಮಾಡುತ್ತದೆ? ಜೋಡಿಸುತ್ತದೆಯೇ, ಇಲ್ಲ ಕೆಡಿಸಲೂ ಬಿಡುತ್ತಾರೆಯೇ?

ಪರಿಚಿತರ ಮಗಳನ್ನು ಕರೆತರಲು ಹೋಗಿ ಇಂಥ ಒಂದು ಶಿಬಿರದಲ್ಲಿ ಕೂತಿದ್ದೆ. ಹೆಸರು ಬೇಡ. ಮಕ್ಕಳು ಗೆರೆ ಹಿಡಿದು ಓಡುವ ಪುಟ್ಟ ಗಾಡಿ ಕಟ್ಟಿದ್ದರು, ಲೈನ್ ಫಾಲೋವರ್ ಎನ್ನುತ್ತಾರೆ. ಬಿಳಿ ಫ್ಲೆಕ್ಸಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದ ದಾರಿ. ಗಾಡಿಯ ಮೂತಿಯ ಕೆಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುವ ಒಂದು ಎಲ್‌ಇಡಿ, ಪಕ್ಕದಲ್ಲೇ ಆ ಬೆಳಕನ್ನು ಹಿಡಿಯುವ ಇನ್ನೊಂದು ಬಿಡಿಭಾಗ. ಬಿಳಿ ನೆಲ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ಟೇಪು ನುಂಗಿಬಿಡುತ್ತದೆ. ಎಡಗಣ್ಣಿಗೆ ಕಪ್ಪು ಕಂಡರೆ ಎಡಚಕ್ರ ನಿಲ್ಲಬೇಕು, ಬಲಗಣ್ಣಿಗೆ ಕಂಡರೆ ಬಲಚಕ್ರ. ಅಷ್ಟೇ ಯುಕ್ತಿ. ಏಸಿ ಕೋಣೆಯಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡಿದವು.

ನಾನು ಕರೆತರಲು ಹೋಗಿದ್ದ ಹುಡುಗಿ ಮಾತ್ರ ಫ್ಲೆಕ್ಸನ್ನು ಸುತ್ತಿಕೊಂಡು ವರಾಂಡಕ್ಕೆ ಒಯ್ದಳು. ಅಲ್ಲಿ ಬಿಸಿಲು ಬಿದ್ದಿತ್ತು. ಗಾಡಿಗೆ ದಿಕ್ಕೇ ತಪ್ಪಿಹೋಯಿತು. ಗೆರೆ ಬಿಟ್ಟು ಗೋಡೆಗೆ ಗುದ್ದಿತು. ಕಲಿಸುವ ಹುಡುಗ ಓಡಿ ಬಂದು, ಹೊರಗೆ ಆಡಿಸಬಾರದು ಒಳಗೇ ಆಡಿಸಬೇಕು ಎಂದು ಗಾಡಿ ಎತ್ತಿಕೊಂಡು ಹೋದ.

ನನಗೆ ಕೆಟ್ಟದೆನಿಸಿದ್ದು ಅಲ್ಲಿ. ಹದಿನೈದು ದಿನದ ಆ ಶಿಬಿರದಲ್ಲಿ ವಿಜ್ಞಾನ ತಾನಾಗಿಯೇ ಬಂದು ಹೊಸ್ತಿಲಲ್ಲಿ ನಿಂತಿದ್ದು ಅದೊಂದೇ ಗಳಿಗೆ. ಬಿಸಿಲಿನಲ್ಲಿಯೂ ಅವಕೆಂಪು ಇರುತ್ತದೆ, ಆ ಎಲ್‌ಇಡಿಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಪ್ರಖರತೆಗೆ ಗಾಡಿಯ ಕಣ್ಣು ಕುಕ್ಕಿಹೋಗಿ ಕಪ್ಪೂ ಬಿಳಿಯಂತೆ ಕಾಣುತ್ತದೆ. ಕಪ್ಪು ಕಾಗದವನ್ನು ಸುರುಳಿ ಸುತ್ತಿ ಕಣ್ಣಿಗೆ ಒಂದು ಮರೆ ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಹೋಗದಿದ್ದರೆ ಸರ್ಕ್ಯೂಟಿನಲ್ಲಿರುವ ಪುಟ್ಟ ತಿರುಪನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಕಪ್ಪು ಬಿಳಿಯ ಗಡಿಯನ್ನು ಬದಲಿಸಬಹುದು. ಹನ್ನೊಂದು ವರ್ಷದ ಹುಡುಗಿ ಇದನ್ನು ತಾನೇ ಕಂಡುಕೊಳ್ಳಲು ಒಂದು ಬೆಳಗು ಸಾಕಿತ್ತು. ಆದರೆ ಅವತ್ತಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಮಧ್ಯಾಹ್ನ ಪೋಷಕರು ಬರುವ ಹೊತ್ತಿಗೆ ಎಲ್ಲ ಗಾಡಿಗಳೂ ಓಡುತ್ತಿರಬೇಕಿತ್ತು.

ಬಹುಪಾಲು ಕಿಟ್‌ಗಳ ತೊಂದರೆ ಇದು. ಒಂದನೇ ತುಂಡು ಎರಡನೇ ತುಂಡಿಗೆ ಮಾತ್ರ ಕೂರುತ್ತದೆ, ತಪ್ಪಲು ದಾರಿಯೇ ಇಲ್ಲದ ಹಾಗೆ ಮಾಡಿರುತ್ತಾರೆ. ಕೂಡಿಸಿ ಮುಗಿಸಿದ ಮಗುವಿಗೆ ಸಂತೋಷವಾಗುತ್ತದೆ ನಿಜ. ಆದರೆ ಆ ಕೆಲಸದಲ್ಲಿ ಯೋಚನೆ ಮಾಡಿದವರು ಕಿಟ್ ತಯಾರಿಸಿದವರು.

ನೌಬತ್ ಪಹಾಡಿನ ಮೇಲಿರುವ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ನೀವು ಹೋಗಿದ್ದರೆ ಅಲ್ಲಿ ನಿಲ್ಲಿಸಿರುವ ಡೈನೋಸಾರಿನ ಅಸ್ಥಿಪಂಜರ ನೋಡಿರುತ್ತೀರಿ. ಹತ್ತಿರ ಹತ್ತಿರ ಹದಿನಾಲ್ಕು ಮೀಟರ್ ಉದ್ದ. ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಎಂಬ ಹಳ್ಳಿಯ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಗೆದು ತೆಗೆದದ್ದು. 1988ರಲ್ಲಿ ಪಿ. ಯಾದಗಿರಿ ಅದಕ್ಕೆ ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್ ಎಂದು ಹೆಸರಿಟ್ಟರು. ಸಿಕ್ಕಿದ್ದು 840 ಮೂಳೆ ತುಂಡುಗಳು, ಅವೂ ಕನಿಷ್ಠ ಹನ್ನೆರಡು ಪ್ರಾಣಿಗಳಿಗೆ ಸೇರಿದವು, ಒಂದರೊಳಗೊಂದು ಬೆರೆತುಹೋಗಿದ್ದವು. ತಲೆಬುರುಡೆ ಸಿಗಲೇ ಇಲ್ಲ. ಯಾವ ಮೂಳೆ ಎಲ್ಲಿಗೆ ಎಂದು ಹೇಳುವ ಚೀಟಿ ಯಾವ ಡಬ್ಬಿಯಲ್ಲೂ ಇರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಮಗುವಿಗೆ ಮರದ ಡೈನೋಸಾರ್ ಕಿಟ್ ಕೊಡಿಸುವ ಮೊದಲು ಇಷ್ಟು ಕಥೆ ಹೇಳಿ. ಆಮೇಲೆ ಕಿಟ್ಟಿನ ಚೀಟಿಯನ್ನು ಬಚ್ಚಿಟ್ಟುಬಿಡಿ.

ಹೈದರಾಬಾದಿನ ಸೆಕೆಯಲ್ಲಿ ಕೈಯಿಂದ ವಿಜ್ಞಾನ ಮಾಡಿದವರ ಮಾತು ಬಂದರೆ ರೊನಾಲ್ಡ್ ರಾಸ್ ಅವರನ್ನು ಬಿಡುವ ಹಾಗಿಲ್ಲ. ಬೇಗಂಪೇಟೆಯಲ್ಲಿ ಅವರ ಹೆಸರಿನ ಸಂಸ್ಥೆ ಇದೆ. 1897ರ ಆಗಸ್ಟ್. ಈ ಸೇನಾ ವೈದ್ಯ ಎರಡು ವರ್ಷಗಳಿಂದ ಮಲೇರಿಯಾದ ರೋಗಾಣು ಹುಡುಕುತ್ತ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದರು, ಏನೂ ಸಿಕ್ಕಿರಲಿಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದು ಕಣ್ಣುಗಾಜೂ ಬಿರುಕು ಬಿಟ್ಟಿತ್ತು. ಪಂಖಾ ಎಳೆಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಅದನ್ನೂ ನಿಲ್ಲಿಸಿದ್ದರು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿಸಿಕೊಂಡ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಲೆಕ್ಕ ಹಾಕಿ ದುಡ್ಡು ತೆಗೆದುಕೊಳ್ಳುತ್ತಿದ್ದ. ಆಗಸ್ಟ್ 20ರಂದು ಅಂಥ ಒಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್‌ಗೆ ಕಪ್ಪು ಚುಕ್ಕೆಗಳಿರುವ ಕೋಶಗಳು ಕಂಡವು, ಹುಡುಕುತ್ತಿದ್ದ ರೋಗಾಣು ಅದೇ. 1902ರಲ್ಲಿ ನೊಬೆಲ್ ಬಂತು. ಶಿಬಿರದ ಮಕ್ಕಳಿಗೆ ನೊಬೆಲ್ಲಿಗಿಂತ ಆ ಎರಡು ವರ್ಷದ ಸೋಲಿನ ಲೆಕ್ಕ ಹೇಳುವುದು ಮೇಲು. ಜೊತೆಗೆ ಮನೆಯ ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನಿಂದ ಒಂದು ಸೊಳ್ಳೆಮರಿ ಹಿಡಿದು ಭೂತಗನ್ನಡಿಯಲ್ಲಿ ತೋರಿಸಿದರೆ ಇನ್ನೂ ಮೇಲು. ನೋಡಿದ ಮೇಲೆ ನೀರು ಚೆಲ್ಲಿಬಿಡಿ.

ಇನ್ನು, ದುಡ್ಡೇ ಬೇಡದ ಒಂದು ಪ್ರಯೋಗ. ಬೇಸಿಗೆ ಶಿಬಿರಕ್ಕೆಂದೇ ಆಕಾಶ ಇಟ್ಟುಕೊಂಡಂತಿರುವ ಪ್ರಯೋಗ ಇದು. ಹೈದರಾಬಾದಿನಲ್ಲಿ ಪ್ರತಿವರ್ಷ ಮೇ 9ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಅಂದು ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಅಲ್ಲ, ಹನ್ನೆರಡು ಗಂಟೆ ಹನ್ನೆರಡು ನಿಮಿಷಕ್ಕೆ. ಏಕೆಂದರೆ ನಮ್ಮ ಗಡಿಯಾರಗಳೆಲ್ಲ ಇನ್ನೂ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತವೆ. ಸೂರ್ಯ ಅಲ್ಲಿಂದ ಇಲ್ಲಿಗೆ ಬರಬೇಕಲ್ಲ. ಆಗಸ್ಟ್ 3ರ ಸುಮಾರಿಗೆ ಇನ್ನೊಮ್ಮೆ ಇದೇ ಆಗುತ್ತದೆ, ಆದರೆ ಮಳೆಗಾಲದ ಮೋಡ ನಂಬುವಂತಿಲ್ಲ. ಮೇ ತಿಂಗಳೇ ಸರಿ. ಕಲಬುರಗಿ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ, ಹಾಗಾಗಿ ಅಲ್ಲಿಗೂ ಅದೇ ದಿನ, ಆರೇಳು ನಿಮಿಷ ತಡವಾಗಿ. ರಾಯಚೂರಿಗೆ ಮೂರ್ನಾಲ್ಕು ದಿನ ಮುಂಚೆ, ಬೀದರಕ್ಕೆ ಒಂದೆರಡು ದಿನ ಆಮೇಲೆ.

ನೆರಳು ಮಾಯವಾಗುವುದನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಅದು ತಮಾಷೆ. ವಿಜ್ಞಾನ ಶುರುವಾಗುವುದು ಫೋನಿನಿಂದ. ಅದೇ ದಿನ ಬೆಂಗಳೂರಿನಲ್ಲಿರುವ ಸೋದರಮಾವನ ಮಗನಿಗೋ ಚಿಕ್ಕಮ್ಮನ ಮಗಳಿಗೋ ಒಂದು ಮೀಟರ್ ಉದ್ದದ ಕೋಲು ನೆಡಲು ಹೇಳಿ. ಬೆಂಗಳೂರು ನಮಗಿಂತ ದಕ್ಷಿಣಕ್ಕಿದೆ, ಅಲ್ಲಿ ಸೂರ್ಯ ಏಪ್ರಿಲ್ ಕೊನೆಗೇ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಹಾಗಾಗಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮಕ್ಕಳಿಗೆ ಇದೇ ಒಂದು ಅಚ್ಚರಿ. ಅದರ ಉದ್ದ ಸುಮಾರು ಏಳೂಮುಕ್ಕಾಲು ಸೆಂಟಿಮೀಟರ್. ಕಾಗದದ ಮೇಲೆ ಅಳತೆಗೆ ತಕ್ಕ ತ್ರಿಕೋನ ಎಳೆದು ಕೋನಮಾಪಕ ಇಟ್ಟರೆ 4.4 ಡಿಗ್ರಿಯ ಆಸುಪಾಸು ಬರುತ್ತದೆ. ಹೈದರಾಬಾದಿಗೂ ಬೆಂಗಳೂರಿಗೂ ಉತ್ತರ ದಕ್ಷಿಣವಾಗಿ ಇರುವ ನೇರ ಅಂತರ ಸುಮಾರು 490 ಕಿಲೋಮೀಟರ್. ಬಸ್ಸಿನ ದಾರಿಯ ಲೆಕ್ಕ ಹಿಡಿಯಬೇಡಿ, ಅದು ಸುತ್ತಿ ಬಳಸಿ ಬರುತ್ತದೆ. ಭೂಪಟದ ಮೇಲೆ ಅಳೆಯಿರಿ. 4.4 ಡಿಗ್ರಿಗೆ 490 ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಇದು ಭೂಮಿಯ ಸುತ್ತಳತೆ. ಎರಡು ಕೋಲು, ಒಂದು ಫೋನ್ ಕರೆ.

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನಡುವೆ ಎರಟೋಸ್ತನೀಸ್ ಮಾಡಿದ್ದು ಇದೇ ಲೆಕ್ಕ. ನಾವು ಅದನ್ನು ಪಾಠವಾಗಿ ಓದಿ ಮರೆತೆವು. ಆದರೆ ಕೋಲು ನೆಟ್ಟ ಮಕ್ಕಳಿಗೆ ಪಠ್ಯದಲ್ಲಿಲ್ಲದ ಇನ್ನೊಂದು ಸಂಕಟ ಎದುರಾಗುತ್ತದೆ, ಅದೇ ನನಗೆ ಇಷ್ಟ. ನೆರಳಿನ ತುದಿ ಚೂಪಾಗಿರುವುದಿಲ್ಲ, ಮಸುಕಾಗಿರುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಮೀಟರ್ ಕೋಲಿನ ನೆರಳಿನ ಅಂಚು ಅದರಿಂದಾಗಿ ಒಂದು ಸೆಂಟಿಮೀಟರಿನಷ್ಟು ಹರಡಿಕೊಳ್ಳುತ್ತದೆ. ಎಲ್ಲಿ ಗೆರೆ ಹಾಕಬೇಕು? ಅಳತೆ ಅರ್ಧ ಸೆಂಟಿಮೀಟರ್ ತಪ್ಪಿದರೆ ಭೂಮಿಯ ಸುತ್ತಳತೆ ಎರಡೂವರೆ ಮೂರು ಸಾವಿರ ಕಿಲೋಮೀಟರ್ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಈ ಮಸುಕಿನ ಮೇಲೆ ಹತ್ತು ಮಕ್ಕಳು ಜಗಳವಾಡಲಿ. ಹತ್ತು ಅಳತೆ ತೆಗೆದು ಸರಾಸರಿ ಹಿಡಿಯೋಣ ಎಂದು ಅವರಲ್ಲೊಬ್ಬ ಹೇಳುತ್ತಾನೆ. ಯಾರೂ ಹೇಳದಿದ್ದರೆ ಕಲಿಸುವವರು ಇನ್ನಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು.

ಸಾಮಾನಿನ ವಿಷಯಕ್ಕೆ ಬರೋಣ. ಹೈದರಾಬಾದಿನಲ್ಲಿ ಇರುವವರಿಗೆ ಇದರಲ್ಲಿ ಒಂದು ಭಾಗ್ಯವಿದೆ. ಬೆಂಗಳೂರಿಗೆ ಎಸ್‌ಪಿ ರಸ್ತೆ ಇದ್ದ ಹಾಗೆ ಇಲ್ಲಿ ಕೋಠಿಯ ಗುಜರಾತಿ ಗಲ್ಲಿ. ಎಲ್‌ಇಡಿ, ರೆಸಿಸ್ಟರು, ಬ್ರೆಡ್‌ಬೋರ್ಡು, ಹಳದಿ ಡಬ್ಬಿಯ ಬಿಓ ಮೋಟರು, ಬಜರು ಎಲ್ಲ ಬಿಡಿಯಾಗಿ ಸಿಗುತ್ತವೆ. ಚಂದದ ಪೆಟ್ಟಿಗೆಯಲ್ಲಿ ಬರುವ ಕಿಟ್ಟಿನ ಬೆಲೆಗೆ ಇಲ್ಲಿ ಚೀಲ ತುಂಬುತ್ತದೆ. ಮಗುವನ್ನು ಜೊತೆಗೆ ಕರೆದೊಯ್ಯಿರಿ, ಕೌಂಟರಿನಲ್ಲಿ ಅದೇ ಕೇಳಲಿ. ಎಷ್ಟು ಓಮ್ ಬೇಕು ಎಂದು ಅಂಗಡಿಯವನು ತಿರುಗಿ ಕೇಳುತ್ತಾನೆ. ಉತ್ತರ ಗೊತ್ತಿರಬೇಕಾದರೆ ಮನೆಯಲ್ಲಿ ಲೆಕ್ಕ ಮಾಡಿಕೊಂಡು ಬಂದಿರಬೇಕು. ಒಂಬತ್ತು ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಹೋಯಿತು, ಉಳಿದ ಏಳನ್ನು ರೆಸಿಸ್ಟರು ತಡೆಯಬೇಕು, ಹರಿಯಬೇಕಾದ್ದು ಇಪ್ಪತ್ತು ಮಿಲಿ ಆಂಪಿಯರ್; ಹಾಗಾದರೆ 350 ಓಮ್. ಅದು ಸಿಗುವುದಿಲ್ಲ, 330 ಸಿಗುತ್ತದೆ, ನಡೆಯುತ್ತದೆ. ಓಮನ ನಿಯಮ ಅಂಗಡಿಯ ಕಟ್ಟೆಯ ಮೇಲೆ ಹೀಗೆ ಬಗೆಹರಿದರೆ ಪರೀಕ್ಷೆಗೆ ಬಾಯಿಪಾಠ ಬೇಕಾಗುವುದಿಲ್ಲ. ರೆಸಿಸ್ಟರು ಹಾಕದೆ ನೇರ ಬ್ಯಾಟರಿಗೆ ಕೊಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಒಂದೆರಡು ರೂಪಾಯಿಯ ವಸ್ತು. ಒಂದನ್ನು ಬೇಕೆಂದೇ ಸುಡಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಇದಕ್ಕೂ ಮೊದಲಿನ ಮೆಟ್ಟಿಲು ಬಿಚ್ಚುವುದು. ಕೆಟ್ಟ ಗೋಡೆ ಗಡಿಯಾರ, ಹಳೆ ಕೀಬೋರ್ಡು, ಮೂಲೆ ಸೇರಿದ ಡಿವಿಡಿ ಪ್ಲೇಯರು, ನಿಂತುಹೋದ ಮಿಕ್ಸಿ ಯಾವ ಮನೆಯಲ್ಲಿಲ್ಲ? ಗುರುವಾರದ ಜುಮೇರಾತ್ ಬಜಾರಿನಲ್ಲಿ ಇಂಥವು ರಾಶಿಯೇ ಬಿದ್ದಿರುತ್ತವೆ. ಶಿಬಿರದ ಮೊದಲ ಮೂರು ದಿನ ಬರೀ ಬಿಚ್ಚುವುದಕ್ಕೆ ಕೊಡಬೇಕು ಎನ್ನುವುದು ನನ್ನ ಹಟ. ಡಿವಿಡಿ ಪ್ಲೇಯರಿನಲ್ಲಿ ಮೂರು ಬಗೆಯ ಮೋಟರು ಸಿಗುತ್ತವೆ, ತಟ್ಟೆ ಹೊರಗೆ ಬರುವ ಹಲ್ಲುಚಕ್ರಗಳ ಸಾಲು ಸಿಗುತ್ತದೆ. ಮಿಕ್ಸಿಯ ಮೋಟರಿನಲ್ಲಿ ಸವೆದ ಕಾರ್ಬನ್ ಬ್ರಶ್ ನೋಡಿದ ಮಗುವಿಗೆ ಮಿಕ್ಸಿ ಯಾಕೆ ನಿಂತಿತು ಎಂದು ಅಮ್ಮನಿಗಿಂತ ಮೊದಲು ತಿಳಿಯುತ್ತದೆ. ಆದರೆ ಎಚ್ಚರದ ಮಾತು ಕೇಳಿ. ಹಳೆಯ ಪಿಕ್ಚರ್ ಟ್ಯೂಬಿನ ಟೀವಿಯನ್ನು, ಮೈಕ್ರೋವೇವ್ ಓವನ್ನನ್ನು ಮಕ್ಕಳ ಕೈಗೆ ಕೊಡಲೇಬಾರದು. ಪ್ಲಗ್ ತೆಗೆದಿಟ್ಟ ಮೇಲೂ ಅವುಗಳೊಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಮೊಬೈಲಿನ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತುತ್ತದೆ. ಪ್ಲಗ್ ಇರುವ ಯಾವ ಸಾಮಾನನ್ನಾದರೂ ಮೊದಲು ಅದರ ವೈರು ಕತ್ತರಿಸಿಯೇ ಕೊಡಬೇಕು. ಮರಳಿ ಚುಚ್ಚಿ ನೋಡುವ ಆಸೆ ಯಾರಿಗೂ ಬರಬಾರದು.

ಇನ್ನೊಂದು ಗಮನಿಸಿದ್ದೇನೆ. ನಾಲ್ಕು ಮಕ್ಕಳಿಗೆ ಒಂದು ಸ್ಕ್ರೂಡ್ರೈವರ್ ಕೊಟ್ಟರೆ ಅದು ಐದು ನಿಮಿಷದಲ್ಲಿ ಅತಿ ಜೋರು ಹುಡುಗನ ಕೈ ಸೇರುತ್ತದೆ, ಹುಡುಗಿಯರು ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದುಕೊಳ್ಳುತ್ತಿರುತ್ತಾರೆ. ಇಬ್ಬರಿಗೊಂದು ಉಪಕರಣ ಇಲ್ಲದ ಶಿಬಿರಕ್ಕೆ ಹೋಗುವುದು ಬೇಡ.

ರಜೆಯಲ್ಲಿ ಮಕ್ಕಳಿಗೆ ವಿಜ್ಞಾನ ಎನ್ನುವುದು ಹೊಸ ಕಲ್ಪನೆಯಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಿಂದ ಕ್ರಿಸ್‌ಮಸ್ ಉಪನ್ಯಾಸಗಳು ನಡೆಯುತ್ತ ಬಂದಿವೆ. ಮೈಕೆಲ್ ಫ್ಯಾರಡೆ ಒಂದು ಮೇಣದಬತ್ತಿ ಹಚ್ಚಿಟ್ಟು ರಸಾಯನಶಾಸ್ತ್ರವನ್ನೆಲ್ಲ ಹೇಳಿದ್ದು ಅಲ್ಲೇ. ಆದರೆ ಅಲ್ಲಿ ಮಕ್ಕಳು ನೋಡುವವರು, ಮಾಡುವವನು ಫ್ಯಾರಡೆ. ಮಕ್ಕಳೇ ಮುಟ್ಟಲಿ ಎನ್ನುವ ಮಾತು ಬಲವಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಬಾಗಿಲು ತೆರೆಯಿತು. ಗುಂಡಿ ಒತ್ತಿ ನೋಡುವ ಸಂಗ್ರಹಾಲಯ ಎಷ್ಟೋ ಜನ ಕನ್ನಡಿಗರಿಗೆ ಮೊದಲು ಸಿಕ್ಕಿದ್ದು ಅಲ್ಲಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದಲೇ ಇದೆ. ಊರಿನಲ್ಲೇ ಇದ್ದು ಅದನ್ನು ನೋಡದ ಮಕ್ಕಳು ಹೈದರಾಬಾದಿಗೆ ಬಂದಾಗ ಬಿರ್ಲಾ ತಾರಾಲಯಕ್ಕೆ ಓಡುತ್ತಾರೆ. ತಾರಾಲಯ ನೋಡಬಾರದೆಂದಲ್ಲ, 1985ರಿಂದ ಈ ಊರಿನ ಮಕ್ಕಳಿಗೆ ಆಕಾಶ ತೋರಿಸುತ್ತಿರುವ ಜಾಗ ಅದು.

ಅತಿ ಕಡಿಮೆ ಖರ್ಚಿನ ಗುರು ಎಂದರೆ ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಟೆಲ್ಕೊದ ಕೆಲಸ ಬಿಟ್ಟು ಕಸದಿಂದ ಆಟಿಕೆ ಮಾಡಲು ಹೊರಟವರು. 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು, ಇವೆರಡೇ ಅವರ ಮೊದಲ ಪ್ರಯೋಗಶಾಲೆ. ಟ್ಯೂಬಿನ ತುಂಡಿನಿಂದ ಕಡ್ಡಿಗಳನ್ನು ಸೇರಿಸಿ ಚೌಕ ಮಾಡಿ ಒತ್ತಿದರೆ ಓರೆಯಾಗಿ ಮಲಗಿಬಿಡುತ್ತದೆ. ತ್ರಿಕೋನ ಮಾಡಿದರೆ ಜಗ್ಗುವುದಿಲ್ಲ. ಇದನ್ನು ಬೆರಳಿನಿಂದ ತಿಳಿದ ಮಗು ಮರುದಿನ ನಾಂಪಲ್ಲಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮಾಡು ನೋಡಿ ಅಲ್ಲೆಲ್ಲ ತ್ರಿಕೋನಗಳೇ ಯಾಕೆ ಎಂದು ಕೇಳುವುದಿಲ್ಲ, ನಮಗೇ ತೋರಿಸುತ್ತದೆ.

ಹದಿಮೂರು ದಾಟಿದವರ ಮಾತು ಬೇರೆ. ಅವರಿಗೆ ಬೆಂಕಿಕಡ್ಡಿ ಸಾಲದು, ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವಮಾನ. ಕಂಪ್ಯೂಟರಿನಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್, ಎಂಐಟಿಯವರು 2007ರಲ್ಲಿ ಬಿಟ್ಟದ್ದು, ಹತ್ತು ವರ್ಷದವರಿಗೆ ಚೆಂದ. ದೊಡ್ಡವರಿಗೆ ಮನೆಯ ಒಂದು ತಾಪತ್ರಯ ಹುಡುಕಿ ಕೊಡಿ. ನಮ್ಮಲ್ಲಿ ಅದಕ್ಕೇನು ಬರ? ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕಾಯುವ ಊರಿನಲ್ಲೇ ತಾರಸಿಯ ತೊಟ್ಟಿ ತುಂಬಿ ಹರಿಯುವುದನ್ನೂ ನೋಡುತ್ತೇವೆ. ಒಂದು ಬಿಸಿ 547 ಟ್ರಾನ್ಸಿಸ್ಟರು, ಒಂದು ಬಜರು, ಬ್ಯಾಟರಿ, ತೊಟ್ಟಿಯ ಬಾಯಿಯ ಬಳಿ ಎರಡು ತಂತಿ. ನೀರು ಏರಿ ಎರಡೂ ತಂತಿಗೆ ತಾಗಿದರೆ ಸಣ್ಣ ಪ್ರವಾಹ ಹರಿಯುತ್ತದೆ, ಬಜರು ಕೂಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಕೆಲವು ದಿನ ಬಿಟ್ಟು ನೋಡಿದರೆ ಒಂದು ತಂತಿ ಹಸಿರುಗಟ್ಟಿ ತೆಳ್ಳಗಾಗಿರುತ್ತದೆ. ಅಲ್ಲಿಂದ ವಿದ್ಯುದ್ವಿಭಜನೆಯ ಪಾಠ. ತಾಮ್ರದ ಬದಲು ಸ್ಟೀಲ್ ಹಾಕೋಣವೇ, ಪ್ರವಾಹ ಬಿಟ್ಟುಬಿಟ್ಟು ಕೊಡೋಣವೇ, ಇಲ್ಲ ತಂತಿಯೇ ಬೇಡ, ತೇಲುವ ಡಬ್ಬಿಯೊಂದು ಸ್ವಿಚ್ಚು ಒತ್ತಲಿ ಎನ್ನೋಣವೇ? ಹದಿನೈದರ ಹುಡುಗ ಹುಡುಗಿಯರು ಎಂಜಿನಿಯರರಂತೆ ಮಾತಾಡುವುದನ್ನು ಕೇಳಬೇಕಾದರೆ ಆ ತಾರಸಿಗೆ ಹೋಗಬೇಕು. ಇಂಥ ಮಾದರಿಯನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಬೇಕೆಂಬ ಹಂಬಲ ಮುಂದೆ ಬೆಳೆದರೆ, ರಾಯದುರ್ಗದಲ್ಲಿ ತೆಲಂಗಾಣ ಸರ್ಕಾರದ ಟಿ-ವರ್ಕ್ಸ್ ಇದೆ. 2023ರ ಮಾರ್ಚಿನಲ್ಲಿ ಶುರುವಾದ, 78,000 ಚದರಡಿಯ ಕಾರ್ಯಾಗಾರ; ಲೇಸರ್ ಕಟರ್, ತ್ರೀಡಿ ಪ್ರಿಂಟರ್, ಮರಗೆಲಸದ ಯಂತ್ರ ಎಲ್ಲ ಒಂದೇ ಸೂರಿನಡಿ.

ಡ್ರೋನಿನ ಬಗ್ಗೆ ಒಂದೇ ಮಾತು. 250 ಗ್ರಾಮಿನೊಳಗಿನ ನ್ಯಾನೊ ಡ್ರೋನಿಗೆ ಪೈಲಟ್ ಪರವಾನಗಿ ಬೇಡವೆಂದು 2021ರ ನಿಯಮ ಹೇಳುತ್ತದೆ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಬೇಗಂಪೇಟೆ, ಹಕೀಂಪೇಟೆ, ದುಂಡಿಗಲ್ ಎಂದು ವಿಮಾನನೆಲೆಗಳು ತುಂಬಿರುವ ಊರು ಇದು. ಅನುಮತಿಯಿಲ್ಲದೆ ಹಾರಿಸಬಾರದ ಕೆಂಪು ವಲಯದ ಭೂಪಟ ನೋಡದೆ ಡ್ರೋನ್ ಕಲಿಸುವ ಶಿಬಿರಕ್ಕೆ ಮಗುವನ್ನು ಕಳಿಸಬೇಡಿ.

ಕನ್ನಡಿಗನಾಗಿ ನಾನು ಸೇರಿಸಬೇಕೆನ್ನುವ ಒಂದು ಪ್ರಯೋಗ ಮರಳಿನದು. ಓರೆಯಾಗಿಟ್ಟ ಹಲಗೆಯ ಮೇಲೆ ಮರಳು ಹರಡಿ, ಮೇಲಿನಿಂದ ಮಗ್ಗಿನಲ್ಲಿ ನೀರು ಬಿಡಿ. ಹೊಳೆ ತಾನೇ ದಾರಿ ಕೊರೆಯುತ್ತದೆ. ಕೆಳಗೆ ದಂಡೆಯ ಮೇಲೆ ಬೆಂಕಿಪೊಟ್ಟಣದ ಊರು ಕಟ್ಟಿ ಒಂದು ಬಕೆಟ್ ಒಮ್ಮೆಲೇ ಸುರಿದರೆ ಊರು ಕೊಚ್ಚಿಹೋಗುತ್ತದೆ. ಊರನ್ನು ಉಳಿಸುವುದು ಹೇಗೆ? ದಂಡೆಗೆ ಗೋಡೆ ಕಟ್ಟುವವರು ಇರುತ್ತಾರೆ, ಮೇಲ್ಗಡೆ ನೀರು ತಡೆಯುವವರು ಇರುತ್ತಾರೆ. ಇಬ್ಬರ ಊರುಗಳಿಗೂ ಅದೇ ಬಕೆಟ್ ನೀರು ಸುರಿದು ನೋಡಲಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಕರೆಯ ಮೇಲೆ ಬಂದ ಸರ್ ಎಂ. ವಿಶ್ವೇಶ್ವರಯ್ಯ ಕೊಟ್ಟ ಉತ್ತರ ನೀರನ್ನು ಮೇಲ್ಗಡೆಯೇ ಹಿಡಿದಿಡುವುದಾಗಿತ್ತು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಈಸಿ ಹೊಳೆಗೆ ಹಿಮಾಯತ್ ಸಾಗರ 1927ರಲ್ಲಿ. ಮರಳಿನ ಆಟ ಮುಗಿಸಿ ಮಕ್ಕಳನ್ನು ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರದ ಕಟ್ಟೆಯ ಮೇಲೆ ನಿಲ್ಲಿಸಿದರೆ ಭಾಷಣ ಬೇಕಾಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಶುಲ್ಕ ಕೊಡಬಲ್ಲವರ ಮಕ್ಕಳಿಗೆ. ಕೊಡಲಾಗದವರ ಮಕ್ಕಳು? ಈ ಊರಿನಲ್ಲಿ ದಾರಿಗಳಿಲ್ಲದಿಲ್ಲ. ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಜವಾಹರ್ ಬಾಲಭವನವಿದೆ. ತಾರ್ನಾಕಾ, ಹಬ್ಸಿಗುಡ ಕಡೆ ಹೋದರೆ ಸಿಸಿಎಂಬಿ, ಎನ್‌ಜಿಆರ್‌ಐ, ಐಐಸಿಟಿ ಎಂದು ರಾಷ್ಟ್ರೀಯ ಪ್ರಯೋಗಾಲಯಗಳು ಸಾಲಾಗಿ ನಿಂತಿವೆ. ಸಿಸಿಎಂಬಿ ಶಾಲಾ ಮಕ್ಕಳನ್ನು ಒಳಗೆ ಕರೆದು ವಿಜ್ಞಾನಿಗಳ ಜೊತೆ ಕೆಲಸ ಮಾಡಿಸಿದ್ದೂ ಇದೆ. 2017ರಲ್ಲಿ ಶುರುವಾದ ಸಿಎಸ್‌ಐಆರ್‌ನ ಜಿಜ್ಞಾಸಾ ಕಾರ್ಯಕ್ರಮದ ಉದ್ದೇಶವೇ ಪ್ರಯೋಗಾಲಯಕ್ಕೂ ಶಾಲೆಗೂ ನಂಟು ಬೆಳೆಸುವುದು. ಕರ್ನಾಟಕದ ಗಡಿಗೆ ಅಂಟಿಕೊಂಡ ಕುಪ್ಪಂನಲ್ಲಿ ಅಗಸ್ತ್ಯ ಪ್ರತಿಷ್ಠಾನ 1999ರಿಂದ ಕೆಲಸ ಮಾಡುತ್ತಿದೆ. ಅವರ ವ್ಯಾನುಗಳು ಪ್ರಯೋಗದ ಸಾಮಾನು ಹೊತ್ತು ಹಳ್ಳಿ ಶಾಲೆಗಳಿಗೆ ಹೋಗುತ್ತವೆ.

ಇವೆಲ್ಲಕ್ಕಿಂತ ಹತ್ತಿರದ ಬಾಗಿಲು ಒಂದಿದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ದೇಶದ ಸುಮಾರು ಹತ್ತು ಸಾವಿರ ಶಾಲೆಗಳಿಗೆ ತಲಾ ಇಪ್ಪತ್ತು ಲಕ್ಷ ರೂಪಾಯಿವರೆಗೆ ಅನುದಾನ ಮಂಜೂರಾಗಿದೆ. ತ್ರೀಡಿ ಪ್ರಿಂಟರು, ಸೋಲ್ಡರಿಂಗ್ ಐರನ್ನು, ಸೆನ್ಸರುಗಳು, ಮೋಟರುಗಳು, ಶಿಬಿರದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಇರುವುದೆಲ್ಲ ಅಲ್ಲಿ ಕಪಾಟಿನಲ್ಲಿದೆ. ಬಹಳ ಕಡೆ ಬೇಸಿಗೆಯಲ್ಲಿ ಶಾಲೆಗೆ ಬೀಗ ಬಿದ್ದ ದಿನ ಆ ಕೋಣೆಗೂ ಬೀಗ ಬೀಳುತ್ತದೆ. ಮಕ್ಕಳಿಗೆ ಪುರಸೊತ್ತು ಇರುವ ಒಂದೂವರೆ ತಿಂಗಳು ಅದು ಮುಚ್ಚಿರುತ್ತದೆ.

ಇನ್ನೊಂದು ಕಡೆ, ಇಸಿಐಎಲ್, ಬಿಎಚ್‌ಇಎಲ್, ಬಿಡಿಎಲ್, ರಕ್ಷಣಾ ಪ್ರಯೋಗಾಲಯಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ನಿವೃತ್ತರಾದ ಎಂಜಿನಿಯರರು, ಟರ್ನರು ಫಿಟ್ಟರುಗಳು, ತಂತ್ರಜ್ಞರು ಈ ಊರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ, ಈ ಮಾತು ಕೇಳುತ್ತಿರುವವರಲ್ಲೂ ಇದ್ದೀರಿ. ನಿಮ್ಮ ಕೈಯಲ್ಲಿ ಇರುವುದು ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ನಿಮ್ಮ ಮನೆಗೆ ಹತ್ತಿರದ ಶಾಲೆಯಲ್ಲಿ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದು ಈ ವಾರವೇ ಹೋಗಿ ವಿಚಾರಿಸಿ. ಇದ್ದರೆ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದುಕೊಡಿ: ಮೇ ತಿಂಗಳ ಮೊದಲ ಹದಿನೈದು ದಿನ, ಬಿಸಿಲೇರುವ ಮುನ್ನ ಬೆಳಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ, ಶಾಲೆಯವರೊಬ್ಬರ ಸಮಕ್ಷಮದಲ್ಲಿ ನಾನು ಮಕ್ಕಳ ಜೊತೆ ಕೂರುತ್ತೇನೆ, ಸಂಬಳ ಬೇಡ, ಬೀಗದ ಕೈ ಕೊಡಿ. ಪತ್ರ ಏಪ್ರಿಲ್ ಎರಡನೇ ವಾರದೊಳಗೆ ತಲುಪಲಿ. ರಜೆ ಶುರುವಾದ ಮೇಲೆ ಶಾಲೆಯಲ್ಲಿ ಯಾರೂ ಸಿಗುವುದಿಲ್ಲ.